ರಮಿಸುವುದೂ ಮರೆಸುವುದೂ

ಹಲ್ಲು ನೋವು ಕೊಡದೆ ಬರುವುದಿಲ್ಲ. ನೋವು ಕೊಡದೆ ಹೋಗುವುದೂ ಇಲ್ಲ. ನಡುವಣ ಕಾಲದಲ್ಲಿ ಅದು ಬಾಯಲ್ಲಿದೆ ಎಂಬುದನ್ನೇ ನಾವು ಮರೆತಿರುತ್ತೇವೆ. ಬರುವಾಗ ನೋಯುವುದು ಮಾತು ಬಾರದ ಕೂಸಿಗೆ. ಹೋಗುವಾಗ ನೋಯುವುದು ಮಾತು ಬಂದರೂ ಕೇಳುವವರಿಲ್ಲದ ಮುದುಕರಿಗೆ. ಈ ಇಬ್ಬರೂ ಇರುವ ಮನೆಯಲ್ಲಿ ಸಂಸಾರ ಮಾಡುವವನಿಗೆ ಒಂದು ಪ್ರಶ್ನೆ ತಾನಾಗಿಯೇ ಎದುರಾಗುತ್ತದೆ. ಹೋಗಲಾಡಿಸಲಾಗದ ನೋವಿನ ಮುಂದೆ, ಸದ್ಯಕ್ಕೆ ನೋವಿಲ್ಲದ ನಾವು ಮಾಡತಕ್ಕದ್ದೇನು? ನೋಯುವವರಿಗೆ ಅದನ್ನು ಮರೆಸಬೇಕೆ? ಇಲ್ಲವೆ ಅವರ ಜೊತೆಯಲ್ಲಿ ಇರಬೇಕೆ? ಪ್ರಶ್ನೆ ದೊಡ್ಡದು. ದೊಡ್ಡವರು ಅದನ್ನು ದೊಡ್ಡ ಕಡೆಯಿಂದ ಎತ್ತಿಕೊಳ್ಳಲಿ. ನಾನು ಸಣ್ಣ ಕಡೆಯಿಂದ, ಎಂಟು ತಿಂಗಳ ಕೂಸಿನ ಕೆಳದವಡೆಯ ಕಡೆಯಿಂದ, ಎತ್ತಿಕೊಳ್ಳುತ್ತೇನೆ.

ನಮ್ಮೂರು ಕೆಂಚನಗುಡ್ಡ, ಸಿರುಗುಪ್ಪದ ಬಳಿ, ತುಂಗಭದ್ರೆಯ ದಂಡೆ. ವಿಜಯನಗರದ ಕಾಲದ ಕಾಲುವೆಗಳು ಇಂದಿಗೂ ನೀರು ಹರಿಸುವ ಸೀಮೆ. ಎತ್ತ ನೋಡಿದರೂ ಬತ್ತದ ಗದ್ದೆ. ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿಕೊಂಡಿರುವ ನನಗೆ ನಲವತ್ತು ದಾಟಿದ ಮೇಲೆ ಮಗಳು ಹುಟ್ಟಿದಳು. ಹಿಂದಿನವರು ಈ ವಯಸ್ಸಿಗೆ ಮೊಮ್ಮಕ್ಕಳನ್ನು ಎತ್ತುತ್ತಿದ್ದರು. ತಡವಾಗಿ ಬಂದ ಮಗುವನ್ನು ತಂದೆ ಕೊಂಚ ಹೆಚ್ಚಾಗಿಯೇ ಗಮನಿಸುತ್ತಾನೆ. ಗಮನಿಸುವುದಕ್ಕೆ ಅವನಿಗೆ ರಾತ್ರಿಯ ವೇಳೆಯೂ ಧಾರಾಳವಾಗಿ ದೊರೆಯುತ್ತದೆ. ಮಗಳಿಗೆ ಈಗ ಹಲ್ಲು ಮೂಡುವ ಕಾಲ. ಕೈಗೆ ಸಿಕ್ಕದ್ದೆಲ್ಲ ಬಾಯಿಗೆ: ಬೀಗದ ಕೈ, ಅಜ್ಜಿಯ ಸೆರಗು, ಟೆಲಿವಿಷನ್ನಿನ ರಿಮೋಟು, ನಾನು ತಿದ್ದುವುದಕ್ಕೆ ತಂದ ಉತ್ತರಪತ್ರಿಕೆಯ ಅಂಚು. ನನ್ನ ವಿದ್ಯಾರ್ಥಿಗಳ ಬರೆಹವನ್ನು ಇಷ್ಟು ಆಸ್ಥೆಯಿಂದ ಸವಿದವರು ಇನ್ನೊಬ್ಬರಿಲ್ಲ. ಹಗಲು ಹೇಗೋ ಕಳೆಯುತ್ತದೆ. ರಾತ್ರಿಯಾದ ಮೇಲೆ ಅಳು ಶುರು. ಹಸಿವಿನ ಅಳುವಲ್ಲ, ನಿದ್ದೆಯ ಅಳುವಲ್ಲ. ಯಾರ ಮೇಲೆ ದೂರು ಹೇಳಬೇಕೆಂದು ತಿಳಿಯದವರ ಅಳು.

ಹಲ್ಲು ಮೂಡುವುದು ನಮ್ಮಲ್ಲಿ ಕೂಸಿನ ಸ್ವಂತ ವಿಷಯವಲ್ಲ, ನೆಂಟರಿಷ್ಟರದೆಲ್ಲ. ಮೇಲಿನ ಹಲ್ಲು ಮೊದಲು ಬಂದರೆ ಸೋದರಮಾವನಿಗೆ ಆಗದು ಎಂಬ ನಂಬಿಕೆಯನ್ನು ವಾಚಕರಲ್ಲಿ ಅನೇಕರು ಕೇಳಿರಬೇಕು. ನನ್ನ ಮೈದುನ ಪದವೀಧರ, ಇಂಥವನ್ನೆಲ್ಲ ನಂಬುವವನಲ್ಲ. ಆದರೂ ವಾರಕ್ಕೆರಡು ಬಾರಿ ಫೋನು ಮಾಡಿ, ಮಳೆಬೆಳೆಯ ಮಾತಾಡಿ, ಕೊನೆಯಲ್ಲಿ ಹಗುರವಾಗಿ "ಹಲ್ಲು ಬಂತೆ? ಮೇಲೋ ಕೆಳಗೋ?" ಎಂದು ಕೇಳುತ್ತಿದ್ದ. ಕೆಳಗಿನ ಎರಡು ಬಿಳಿಯ ತುದಿ ಕಂಡಿತೆಂದು ತಿಳಿಸಿದ ದಿನ ಅವನ ದನಿಯಲ್ಲಿ ಸೋದರಿಕೆಯ ಪ್ರೀತಿ ಎಂದಿಗಿಂತ ಹೆಚ್ಚಾಗಿತ್ತು. ನಿಜಕ್ಕೂ ಅವನು ಹೆದರಬೇಕಾದ ಕಾರಣವಿರಲಿಲ್ಲ. ಬಹುಮಟ್ಟಿಗೆ ಎಲ್ಲ ಮಕ್ಕಳಿಗೂ ಮೊದಲು ಬರುವುದು ಕೆಳಗಿನ ನಡುಹಲ್ಲುಗಳೇ. ಸುಮಾರು ಆರನೆಯ ತಿಂಗಳಿಗೆ ಮೊದಲಾದ ಈ ಕೆಲಸ ಎರಡೂವರೆ ಮೂರು ವರ್ಷದ ಹೊತ್ತಿಗೆ ಮುಗಿದು, ಬಾಯಲ್ಲಿ ೨೦ ಹಾಲುಹಲ್ಲುಗಳು ನಿಲ್ಲುತ್ತವೆ. ಅವುಗಳ ಮೊಳಕೆ ತಾಯಿಯ ಗರ್ಭದಲ್ಲಿ ಎರಡನೆಯ ತಿಂಗಳಲ್ಲೇ ಬಿದ್ದಿರುತ್ತದೆ. ಕೂಸು ಮೊದಲ ಸಲ ಅಳುವುದಕ್ಕೆ ಎಷ್ಟೋ ಮುಂಚೆ ಅದರ ಈ ಅಳುವಿಗೆ ಸಿದ್ಧತೆ ನಡೆದಿರುತ್ತದೆ ಎಂದಾಯಿತು.

ಈ ನೋವನ್ನು ಮನುಷ್ಯರು ಸುಮ್ಮನೆ ನೋಡಿಕೊಂಡು ಕೂತವರಲ್ಲ. ಹದಿನೇಳನೆಯ ಶತಮಾನದ ಲಂಡನ್ ನಗರದ ಮರಣಪಟ್ಟಿಗಳಲ್ಲಿ 'ಹಲ್ಲು' ಎಂಬುದೇ ಸಾವಿನ ಒಂದು ಕಾರಣವಾಗಿ ನಮೂದಾಗಿದೆ. ಹಲ್ಲು ಬರುವ ವಯಸ್ಸಿನಲ್ಲಿ ಸತ್ತ ಮಕ್ಕಳು ಹಲ್ಲಿನಿಂದಲೇ ಸತ್ತರೆಂದು ಜನ ತಿಳಿದರು. ತಿಳಿದ ಮೇಲೆ ಚಿಕಿತ್ಸೆಯೂ ಹುಟ್ಟಬೇಕಷ್ಟೆ. ಹದಿನಾರನೆಯ ಶತಮಾನದ ಫ್ರೆಂಚ್ ಶಸ್ತ್ರವೈದ್ಯ ಆಂಬ್ರ್ವಾಸ್ ಪಾರೆ ಕೂಸಿನ ವಸಡನ್ನು ಕೊಯ್ದು ಹಲ್ಲಿಗೆ ದಾರಿ ಮಾಡಿಕೊಡಬೇಕೆಂದ. ಮುಂದೆ ಮುನ್ನೂರು ವರ್ಷಕ್ಕೂ ಮೇಲ್ಪಟ್ಟು ವೈದ್ಯರು ಹಾಗೆ ಕೊಯ್ದರು. ಆಮೇಲೆ ಪಾದರಸ ಬೆರೆತ ಹಲ್ಲಿನ ಪುಡಿಗಳು ಬಂದವು. ಅವುಗಳನ್ನು ತಿಂದ ಮಕ್ಕಳ ಅಂಗೈ ಅಂಗಾಲು ಕೆಂಪಾಗಿ, ಚರ್ಮ ಸುಲಿದು, ಬೆಳಕನ್ನು ಕಂಡರೆ ಆಗದೆ ನರಳಿದವು, ಕೆಲವು ಸತ್ತವು. 'ಗುಲಾಬಿ ರೋಗ'ವೆಂದು ಹೆಸರಾದ ಆ ವಿಚಿತ್ರ ರೋಗ ಎಲ್ಲಿಂದ ಬಂತೆಂದು ಬಹುಕಾಲ ಯಾರಿಗೂ ತಿಳಿಯಲಿಲ್ಲ. ೧೯೫೦ರ ದಶಕದಲ್ಲಿ ಪಾದರಸದ ಪುಡಿಗಳು ಅಂಗಡಿಯಿಂದ ಮಾಯವಾದವು. ಅವುಗಳ ಹಿಂದೆಯೇ ರೋಗವೂ ಮಾಯವಾಯಿತು. ಸಹಿಸಬಹುದಾಗಿದ್ದ ಒಂದು ನೋವನ್ನು ನಾವು ಸಹಿಸಲಾರದೆ ಹೋದುದರ ಬೆಲೆಯನ್ನು ಮಕ್ಕಳು ತೆತ್ತರು.

ನಮ್ಮ ವಾಗ್ಭಟನೂ ಅಷ್ಟಾಂಗಹೃದಯದಲ್ಲಿ ಹಲ್ಲು ಮೂಡುವುದನ್ನು ಮಕ್ಕಳ ಸಕಲ ರೋಗಗಳಿಗೂ ಕಾರಣವೆಂದೇ ಹೇಳುತ್ತಾನೆ. ಇಂದಿನ ವೈದ್ಯರು ಇದನ್ನು ಒಪ್ಪುವುದಿಲ್ಲ. ಹಲ್ಲಿನಿಂದ ಜೊಲ್ಲು, ಕಿರಿಕಿರಿ, ಮೈ ಕೊಂಚ ಬೆಚ್ಚಗಾಗುವುದು ಉಂಟು. ಜೋರಾದ ಜ್ವರ, ಭೇದಿಗಳನ್ನು ಹಲ್ಲಿನ ತಲೆಗೆ ಕಟ್ಟಿ ಸುಮ್ಮನಿದ್ದರೆ ಅಪಾಯ ಎನ್ನುತ್ತಾರೆ. ತಾಯಿಯಿಂದ ಬಂದ ರೋಗನಿರೋಧಕ ಶಕ್ತಿ ಕುಂದುವುದೂ ಕೂಸು ಕಂಡದ್ದನ್ನೆಲ್ಲ ಬಾಯಿಗಿಡುವುದೂ ಅದೇ ವಯಸ್ಸಿನಲ್ಲಿ. ರೋಗ ಬರುವುದು ಆ ದಾರಿಯಿಂದ. ಇದು ತಂದೆತಾಯಿಗಳು ನೆನಪಿಡಬೇಕಾದ ಮಾತು. ಆದರೆ ಅದೇ ವಾಗ್ಭಟ ಮತ್ತೆ ಎರಡು ಸಂಗತಿಗಳನ್ನು ಹೇಳಿದ್ದಾನೆ. ಅವುಗಳಿಗಾಗಿ ನಾನು ಅವನಿಗೆ ಕೈಮುಗಿಯುತ್ತೇನೆ. ಒಂದು, ಈ ನೋವನ್ನು ಅವನು ನವಿಲಿಗೆ ಜುಟ್ಟು ಮೂಡುವ ವೇಳೆಯ ನೋವಿಗೆ ಹೋಲಿಸುತ್ತಾನೆ. ಎಂದರೆ ಅದು ಕೇಡಿನ ನೋವಲ್ಲ, ಏನೋ ಒಂದು ಮೂಡುವುದರ ನೋವು. ಎರಡು, ಹಲ್ಲಿನ ಬಾಧೆಗಳಲ್ಲಿ ಕೂಸನ್ನು ಕಟ್ಟುಪಾಡುಗಳಿಂದ ಅತಿಯಾಗಿ ಹಿಂಸಿಸಬಾರದು, ಹಲ್ಲು ಬಂದ ಮೇಲೆ ಅವು ತಾವೇ ಶಮನವಾಗುತ್ತವೆ ಎನ್ನುತ್ತಾನೆ. ವಸಡು ಕೊಯ್ದವರಿಗಿಂತ ಸುಮಾರು ಸಾವಿರ ವರ್ಷ ಹಿಂದಿನವನ ಮಾತು ಇದು.

ತಾನೇ ಶಮನವಾಗುತ್ತದೆ, ಸರಿ. ಆದರೆ ಆಗುವವರೆಗೆ? ಶಾಸ್ತ್ರ ಮುಗಿದು ಸಂಸಾರ ಮೊದಲಾಗುವುದು ಅಲ್ಲಿಂದ. ತಣ್ಣಗಿನ ಒದ್ದೆ ಬಟ್ಟೆಯ ತುದಿಯನ್ನು ಕಚ್ಚಲು ಕೊಡಬಹುದು, ಬೆರಳಿನಿಂದ ವಸಡನ್ನು ತಿಕ್ಕಬಹುದು, ಹೆಗಲ ಮೇಲೆ ಹಾಕಿಕೊಂಡು ಅಂಗಳದಲ್ಲಿ ಅಡ್ಡಾಡಬಹುದು. ಇವೆಲ್ಲ ಮುಗಿದ ಮೇಲೂ ರಾತ್ರಿ ಉಳಿದಿರುತ್ತದೆ. ಇಂದಿನ ಮನೆಗಳಲ್ಲಿ ಆಗ ಕೈ ತಾನಾಗಿಯೇ ಹೋಗುವುದು ರಿಮೋಟಿನ ಕಡೆಗೆ, ಇಲ್ಲವೆ ಜೇಬಿನಲ್ಲಿರುವ ಫೋನಿನ ಕಡೆಗೆ.

ನಮ್ಮ ಮನೆಯಲ್ಲಿ ಸಂಜೆ ಟೆಲಿವಿಷನ್ ಮಾತಾಡುತ್ತಿರುತ್ತದೆ. ಅದು ಮುಖ್ಯವಾಗಿ ನನ್ನ ತಾಯಿಗಾಗಿ. ೧೯೯೮ರಲ್ಲಿ ಟಿ. ಎನ್. ಸೀತಾರಾಂ ಅವರ ತಂಡದ 'ಮಾಯಾಮೃಗ' ಬೆಂಗಳೂರು ದೂರದರ್ಶನದಲ್ಲಿ ಬರುತ್ತಿದ್ದಾಗ ಮೊದಲಾದ ಅವರ ಧಾರಾವಾಹಿ ವ್ರತ ಈವರೆಗೆ ಭಂಗವಾಗಿಲ್ಲ. ನನಗೂ ಪ್ರಿಯವಾದವು ಉಂಟು. ಶಂಕರ್‌ನಾಗ್ ಆಗುಂಬೆಯಲ್ಲಿ ಚಿತ್ರಿಸಿದ 'ಮಾಲ್ಗುಡಿ ಡೇಸ್'ನ ಆರಂಭದ ರಾಗ ಕೇಳಿದರೆ ಈಗಲೂ ಕಾಲು ನಿಲ್ಲುತ್ತದೆ. ೨೦೦೨ರಲ್ಲಿ ಆರಂಭವಾದ 'ಥಟ್ ಅಂತ ಹೇಳಿ' ಕಾರ್ಯಕ್ರಮದಲ್ಲಿ ಸರಿಯುತ್ತರಕ್ಕೆ ಕನ್ನಡ ಪುಸ್ತಕಗಳನ್ನು ಕೊಡುವುದನ್ನು ಕಂಡು ಕನ್ನಡದ ಅಧ್ಯಾಪಕನೊಬ್ಬನಿಗೆ ಆಗುವ ಆನಂದವನ್ನು ವಿವರಿಸಬೇಕಿಲ್ಲ. ಮಗಳ ಅಭಿರುಚಿಯೇ ಬೇರೆ. ಕಥೆ ನಡೆಯುವಾಗ ಅವಳು ರಿಮೋಟನ್ನು ಕಚ್ಚುತ್ತಾಳೆ. ಜಾಹೀರಾತು ಬಂದೊಡನೆ ಕಚ್ಚುವುದನ್ನು ಬಿಟ್ಟು, ಜೊಲ್ಲು ಸುರಿಸುತ್ತ, ಸಾಬೂನಿನ ಹಾಡನ್ನು ತನ್ಮಯಳಾಗಿ ನೋಡುತ್ತಾಳೆ. ಅಳು ನಿಂತಿರುತ್ತದೆ. ಜಾಹೀರಾತು ಮುಗಿದೊಡನೆ ನೋವು ನೆನಪಾಗುತ್ತದೆ.

ಮಕ್ಕಳಿಗೆ ಪರದೆಯನ್ನು ತೋರಿಸಬಾರದೆಂದು ಬಲ್ಲವರು ಹೇಳುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ ೨೦೧೯ರಲ್ಲಿ ಪ್ರಕಟಿಸಿದ ಸೂಚನೆಗಳಂತೆ ಒಂದು ವರ್ಷದೊಳಗಿನ ಕೂಸಿಗೆ ಅದು ಕೂಡದು. ಎರಡು ವರ್ಷದಿಂದ ನಾಲ್ಕರವರೆಗಿನವರಿಗೆ ದಿನಕ್ಕೆ ಒಂದು ತಾಸು ಮೀರಬಾರದು. ಇದು ಒಪ್ಪತಕ್ಕ ಮಾತು. ಕಣ್ಣಿಗೆ, ನಿದ್ದೆಗೆ, ಮಾತಿನ ಬೆಳವಣಿಗೆಗೆ ಸಂಬಂಧಪಟ್ಟದ್ದು. ಆದರೆ ನನ್ನ ಪ್ರಶ್ನೆ ಆರೋಗ್ಯದ್ದಲ್ಲ, ನೀತಿಯದು. ಆರೋಗ್ಯಕ್ಕೆ ಹಾನಿಯೇ ಇಲ್ಲವೆಂದು ಇಟ್ಟುಕೊಳ್ಳೋಣ. ಆಗಲೂ, ನೋಯುತ್ತಿರುವ ಜೀವದ ಗಮನವನ್ನು ನೋವಿನಿಂದ ಕದ್ದುಬಿಡುವುದು ಸರಿಯೆ?

ಸರಿಯಲ್ಲವೆಂದು ದುಡುಕಿ ಹೇಳುವಂತಿಲ್ಲ. ಹಾಗೆಂದರೆ ನಮ್ಮ ತಾಯಂದಿರೆಲ್ಲ ಕಳ್ಳರಾಗುತ್ತಾರೆ. ಅಳುವ ಕೂಸಿಗೆ ಚಂದ್ರನನ್ನು ತೋರಿಸಿದವರು ಅವರು. ಕಾಗೆಯನ್ನು ಕರೆದವರು, ಗಿಲಕಿ ಆಡಿಸಿದವರು, ಇಲ್ಲದ ಗುಮ್ಮನನ್ನು ಹುಟ್ಟಿಸಿದವರು. ಚಂದ್ರನಿಗೂ ವಸಡಿಗೂ ಏನು ಸಂಬಂಧ? ಪರದೆಯೂ ನಮಗೆ ಹೊಸದಲ್ಲ. ಬಳ್ಳಾರಿಯ ಸೀಮೆಯಲ್ಲಿ ತೊಗಲುಗೊಂಬೆಯ ಆಟದವರು ಬಿಳಿಯ ಪರದೆಯ ಹಿಂದೆ ದೀಪ ಹಚ್ಚಿ ಬಣ್ಣದ ನೆರಳುಗಳನ್ನು ಕುಣಿಸಿದ್ದಾರೆ. ೨೦೨೩ರಲ್ಲಿ ತೀರಿಕೊಂಡ ಬೆಳಗಲ್ಲು ವೀರಣ್ಣನವರು ಆ ಕಲೆಯನ್ನು ನಮ್ಮ ಕಾಲದವರೆಗೆ ಕೈಹಿಡಿದು ತಂದರು. ರಾತ್ರಿಯೆಲ್ಲ ನಡೆಯುವ ಅಂಥ ಆಟಗಳಿಗೆ ತಾಯಂದಿರು ಕೂಸುಗಳನ್ನು ಕಂಕುಳಲ್ಲಿ ಎತ್ತಿಕೊಂಡೇ ಹೋಗುತ್ತಿದ್ದರು. ಹಲ್ಲು ಬರುತ್ತಿದ್ದ ಎಷ್ಟು ಕೂಸುಗಳು ರಾವಣನ ನೆರಳನ್ನು ನೋಡಿ ಅಳು ನಿಲ್ಲಿಸಿದ್ದಾವೋ!

ಟೆಲಿವಿಷನ್ ನಮ್ಮ ಕಡೆಗೆ ಬಂದದ್ದೂ ಹೆಚ್ಚುಕಡಮೆ ಆ ಆಟದ ರೀತಿಯಲ್ಲಿಯೇ. ನಮ್ಮೂರ ಹೊಳೆಯ ಆಚೆ ರಾಯಚೂರು ಜಿಲ್ಲೆ. ೧೯೭೫ರ ಆಗಸ್ಟ್ ೧ರಿಂದ ೧೯೭೬ರ ಜುಲೈ ೩೧ರವರೆಗೆ, ಅಮೆರಿಕದ ಉಪಗ್ರಹವೊಂದನ್ನು ಎರವಲು ಪಡೆದು, ಭಾರತ ಸರಕಾರ ಆರು ರಾಜ್ಯಗಳ ೨,೪೦೦ರಷ್ಟು ಹಳ್ಳಿಗಳಿಗೆ ಟೆಲಿವಿಷನ್ ತೋರಿಸುವ ಪ್ರಯೋಗ ಮಾಡಿತು. ಕರ್ನಾಟಕದಲ್ಲಿ ಆರಿಸಿಕೊಂಡದ್ದು ರಾಯಚೂರು, ಗುಲಬರ್ಗಾ, ಬಿಜಾಪುರ ಜಿಲ್ಲೆಗಳ ಹಳ್ಳಿಗಳನ್ನು. ಬೆಳಗ್ಗೆ ಮಕ್ಕಳಿಗೆ, ಸಂಜೆ ದೊಡ್ಡವರಿಗೆ. ಊರಿಗೆಲ್ಲ ಒಂದೇ ಪೆಟ್ಟಿಗೆ. ವರ್ಷ ಮುಗಿದೊಡನೆ ಉಪಗ್ರಹ ತನ್ನ ದಾರಿ ಹಿಡಿಯಿತು. ನಾನು ಕಂಡದ್ದು ಅದಕ್ಕಿಂತ ಈಚಿನದು. ೧೯೮೭ರ ಜನವರಿಯಿಂದ ೧೯೮೮ರ ಜುಲೈವರೆಗೆ ರಮಾನಂದ ಸಾಗರರ 'ರಾಮಾಯಣ' ಭಾನುವಾರದ ಬೆಳಗಿನಲ್ಲಿ ಬರುತ್ತಿತ್ತು. ಉದ್ದನೆಯ ಗಳುವಿಗೆ ಆಂಟೆನಾ ಕಟ್ಟಿದ್ದ ಮನೆಯೊಂದರ ಪಡಸಾಲೆಯಲ್ಲಿ ಓಣಿಯ ಜನವೆಲ್ಲ ಸೇರುತ್ತಿದ್ದೆವು. ಆಟ ಹಿಂದಿಯದು, ನೆರೆದವರಲ್ಲಿ ಹಿಂದಿ ಬಲ್ಲವರು ಇಬ್ಬರೋ ಮೂವರೋ. ಆದರೇನು, ಮುದುಕಿಯರು ತೆರೆಯ ಮೇಲಿನ ಮಾತಿಗೂ ಮುಂಚೆಯೇ ಕನ್ನಡದಲ್ಲಿ ಕಥೆ ಹೇಳಿಬಿಡುತ್ತಿದ್ದರು. ಮಡಿಲಲ್ಲಿ ಕುಳಿತ ಮಕ್ಕಳು ನೋಡುತ್ತಿದ್ದುದು ಪೆಟ್ಟಿಗೆಯನ್ನು, ಕೇಳುತ್ತಿದ್ದುದು ಅಜ್ಜಿಯನ್ನು.

ಭೇದ ಇಲ್ಲಿದೆ ಎಂದು ನನಗೆ ತೋರುತ್ತದೆ. ನಮ್ಮ ಮಾತಿನಲ್ಲಿ ಎರಡು ಶಬ್ದಗಳುಂಟು. ಒಂದು 'ರಮಿಸು', ಇನ್ನೊಂದು 'ಮರೆಸು'. ತಾಯಿ ಅಳುವ ಕೂಸನ್ನು ರಮಿಸಿದಳು ಎನ್ನುತ್ತೇವೆ. ಪರದೆ ಕೂಸನ್ನು ರಮಿಸಿತು ಎಂದು ಯಾರೂ ಅನ್ನುವುದಿಲ್ಲ. ರಮಿಸುವುದಕ್ಕೆ ಒಬ್ಬರು ಬೇಕು; ಮರೆಸುವುದಕ್ಕೆ ಒಂದು ವಸ್ತುವಿದ್ದರೆ ಸಾಕು. ಚಂದ್ರನನ್ನು ತೋರಿಸಿದ ತಾಯಿ ತಾನು ಬೆರಳೆತ್ತಿ ಅಲ್ಲಿಯೇ ನಿಂತಿರಬೇಕಾಗಿತ್ತು; ಅವಳು ಹೋಗಿಬಿಟ್ಟರೆ ಚಂದ್ರ ಒಂಟಿಯಾಗಿ ಕೂಸನ್ನು ಸಮಾಧಾನಪಡಿಸಲಾರ. ಚಂದ್ರನ ಈ ಅಸಾಮರ್ಥ್ಯವೇ ಅವನ ದೊಡ್ಡ ಗುಣ. ಟೆಲಿವಿಷನ್ನಿನ ಸಾಮರ್ಥ್ಯವೇ ಅದರ ತೊಡಕು: ತೋರಿಸಿದವರು ಎದ್ದು ಹೋದರೂ ಅದು ತೋರಿಸುತ್ತಲೇ ಇರುತ್ತದೆ. ತಪ್ಪು ತೆರೆಯದಲ್ಲ, ಅದು ನಮಗೆ ಕೊಡುವ ಬಿಡುಗಡೆಯದು.

ಫ್ರಾನ್ಸಿನ ತತ್ತ್ವಜ್ಞ ಪಾಸ್ಕಲ್ ಮನುಷ್ಯನ ಮರೆವಿನ ಆಟಗಳನ್ನು ಯಾರಿಗಿಂತಲೂ ಕಟುವಾಗಿ ಖಂಡಿಸಿದವನು. ನಾವು ಬೇಟೆ, ಜೂಜು, ಗದ್ದಲಗಳ ಹಿಂದೆ ಓಡುವುದು ನಮ್ಮ ಅವಸ್ಥೆಯನ್ನು ನೆನೆಯಲಾರದೆ ಎಂಬುದು ಅವನ ವಾದ. ಅವನು ತೀರಿಕೊಂಡ ಮೇಲೆ ೧೬೭೦ರಲ್ಲಿ ಅಚ್ಚಾದ ಗ್ರಂಥದಲ್ಲಿ ಅದಿದೆ. ಆದರೆ ಅವನ ಮನೆಯವರು ಹೇಳಿದ ಒಂದು ಕಥೆಯೂ ಉಂಟು. ೧೬೫೮ರಲ್ಲಿ ಒಂದು ರಾತ್ರಿ ಪಾಸ್ಕಲನಿಗೆ ಹಲ್ಲುನೋವು, ನಿದ್ದೆಯಿಲ್ಲ. ನೋವನ್ನು ಮರೆಯುವುದಕ್ಕೆ ಅವನು ಗಣಿತದ ಒಂದು ಸಮಸ್ಯೆಯನ್ನು ಹಿಡಿದು ಕುಳಿತ: ಬಂಡಿಯ ಗಾಲಿಯ ಅಂಚಿಗೆ ಒಂದು ಗುರುತು ಮಾಡಿದರೆ, ಗಾಲಿ ಉರುಳುವಾಗ ಆ ಗುರುತು ಗಾಳಿಯಲ್ಲಿ ಎಳೆಯುವ ಗೆರೆ ಯಾವುದು? ಲೆಕ್ಕ ಮುಂದುವರಿದಂತೆ ನೋವು ಹೋಯಿತು. ಮರೆವನ್ನು ಬೈದ ಋಷಿಯ ಹಲ್ಲನ್ನು ಮರೆವೇ ಕಾಪಾಡಿತು! ಇದರಲ್ಲಿ ನಗುವುದಕ್ಕೇನೂ ಇಲ್ಲ. ಗಮನ ಬೇರೆಡೆ ಹರಿದರೆ ನೋವು ನಿಜವಾಗಿಯೇ ಕಡಮೆಯಾಗುತ್ತದೆ. ಮಕ್ಕಳಿಗೆ ಸೂಜಿ ಚುಚ್ಚುವ ದಾದಿಯರು ಇದನ್ನು ಬಲ್ಲರು. ಆದರೆ ಪಾಸ್ಕಲ್ ತನ್ನ ಗಮನವನ್ನು ತಾನೇ ಎತ್ತಿ ಬೇರೆಡೆ ಇಟ್ಟ. ಕೂಸಿಗೆ ಆ ಶಕ್ತಿಯಿಲ್ಲ. ಅದರ ಗಮನ ಇನ್ನೂ ಅದರದಲ್ಲ, ನಮ್ಮ ಕೈಯಲ್ಲಿದೆ. ಇನ್ನೊಬ್ಬರ ಗಮನ ನಮ್ಮ ಕೈಯಲ್ಲಿರುವಾಗ ನಾವು ನ್ಯಾಸರಕ್ಷಕರಂತೆ ನಡೆದುಕೊಳ್ಳಬೇಕಾಗುತ್ತದೆ.

ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಟ್ರಾನಿಕ್ ೧೯೭೦ರ ದಶಕದಲ್ಲಿ ಒಂದು ಸರಳ ಪರೀಕ್ಷೆ ಮಾಡಿ ನೋಡಿದ. ಕೂಸಿನೊಡನೆ ಆಡುತ್ತಿರುವ ತಾಯಿ ಕೆಲವು ನಿಮಿಷ, ಎದುರಿಗೇ ಕುಳಿತು, ಮುಖವನ್ನು ಕಲ್ಲಾಗಿಸಬೇಕು. ಕೂಸು ಮೊದಲು ನಗುತ್ತದೆ, ಕೈ ಚಾಚುತ್ತದೆ, ಸದ್ದು ಮಾಡುತ್ತದೆ. ತನಗೆ ತಿಳಿದ ಉಪಾಯವನ್ನೆಲ್ಲ ಮಾಡಿ ನೋಡುತ್ತದೆ. ಉತ್ತರ ಬಾರದಿದ್ದಾಗ ಮುಖ ತಿರುಗಿಸುತ್ತದೆ, ಅಳುತ್ತದೆ. ಕೂಸಿಗೆ ಬೇಕಾದುದು ಮುಖವಲ್ಲ, ಉತ್ತರ ಕೊಡುವ ಮುಖ ಎಂದು ಇದರಿಂದ ತಿಳಿದ ಹಾಗಾಯಿತು. ಟೆಲಿವಿಷನ್ನಿನಲ್ಲಿ ಮುಖಗಳಿಗೆ ಬರವಿಲ್ಲ, ನಗೆಗೂ ಬರವಿಲ್ಲ. ಇಲ್ಲದಿರುವುದು ಉತ್ತರ ಮಾತ್ರ. ನೋಯುವಾಗ ಹೀಗೆ ಉತ್ತರವಿಲ್ಲದ ಬೆಳಕನ್ನು ನೋಡಿ ಸುಮ್ಮನಾಗುವುದನ್ನು ಕೂಸು ಮತ್ತೆ ಮತ್ತೆ ರೂಢಿಸಿಕೊಂಡರೆ, ನೋವಿನ ವಿಷಯವಾಗಿ ಅದು ಕಲಿತ ಮೊದಲ ಪಾಠ ಯಾವುದು? 'ನೊಂದರೆ ಯಾರೋ ಬರುತ್ತಾರೆ' ಎಂಬುದಲ್ಲ; 'ನೊಂದರೆ ಏನೋ ಹತ್ತುತ್ತದೆ' ಎಂಬುದು. ಇಪ್ಪತ್ತು ವರ್ಷದ ಹುಡುಗರು ಪರೀಕ್ಷೆಯಲ್ಲಿ ಫೇಲಾದಾಗ, ಮನೆಯಲ್ಲಿ ಸಾವಾದಾಗ, ಯಾರೊಡನೆಯೂ ಒಂದು ಮಾತಾಡದೆ ಅಂಗೈಯ ಬೆಳಕಿನೊಳಗೆ ಮುಳುಗಿ ಕುಳಿತುದನ್ನು ನಾನು ತರಗತಿಗಳಲ್ಲಿ ಕಂಡಿದ್ದೇನೆ. ಅವರು ಸೋಮಾರಿಗಳಲ್ಲ, ಕೆಟ್ಟವರೂ ಅಲ್ಲ. ನೋವನ್ನು ಇನ್ನೊಬ್ಬರ ಬಳಿಗೆ ಒಯ್ಯಬಹುದೆಂಬುದು ಅವರಿಗೆ ಹೊಳೆಯುವುದಿಲ್ಲ, ಅಷ್ಟೆ.

ಇಷ್ಟು ಹೇಳಿ ತಾಯಂದಿರ ಮೇಲೆ ತೀರ್ಪು ಕೊಡಲು ಹೊರಟರೆ ಅದು ಅನ್ಯಾಯ. ನಮ್ಮ ಸೀಮೆಯಲ್ಲಿ ನಾಟಿಯ ಕಾಲ ಬಂದರೆ ಹೆಂಗಸರು ಹೊತ್ತು ಮೂಡುವ ಮೊದಲೇ ಕೆಸರಿಗೆ ಇಳಿಯುತ್ತಾರೆ. ದಿನವಿಡೀ ಬಗ್ಗಿದ ಬೆನ್ನು ಸಂಜೆ ಒಲೆಯ ಮುಂದೆ ಮತ್ತೆ ಬಗ್ಗಬೇಕು. ಅವಳು ರೊಟ್ಟಿ ಬಡಿಯುವಷ್ಟು ಹೊತ್ತು ಕೂಸನ್ನು ಟೆಲಿವಿಷನ್ ನೋಡಿಕೊಂಡರೆ, ಅದನ್ನು ಪಾಪವೆಂದು ಕರೆಯುವವನು ಮೊದಲು ಎದ್ದು ಕೂಸನ್ನು ಎತ್ತಿಕೊಳ್ಳಲಿ. ಹಿಂದೆ ಆ ಹೊತ್ತಿಗೆ ಅತ್ತೆ ಇದ್ದಳು, ನೆರೆಮನೆಯ ಹುಡುಗಿ ಇದ್ದಳು, ಕಟ್ಟೆಯ ಮೇಲೆ ಕುಳಿತ ಅಜ್ಜ ಇದ್ದ. ತೆರೆ ಬಂದು ಅವರನ್ನು ಓಡಿಸಿತೆಂದು ಹೇಳಲಾರೆ. ಅವರು ಎದ್ದು ಹೋದ ಜಾಗದಲ್ಲಿ ಅದು ಕುಳಿತಿತು ಎಂದರೆ ನಿಜಕ್ಕೆ ಹತ್ತಿರ. ಆದುದರಿಂದ ಪ್ರಶ್ನೆ ತಾಯಿಯದಷ್ಟೇ ಅಲ್ಲ. ಕೈ ಖಾಲಿಯಿದ್ದೂ ಕೂಸನ್ನು ಎತ್ತಿಕೊಳ್ಳದ ಮನೆಯ ಗಂಡಸರದು, ನೆರೆಯವರದು, ಎಲ್ಲರದು.

ಕೂಸಿನ ಮಾತನ್ನು ಇಲ್ಲಿಗೇ ಬಿಟ್ಟರೆ ಅರ್ಧ ಹೇಳಿದಂತೆ. 'ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ' ಎಂಬ ಗಾದೆ ನಮ್ಮ ತಾಯಿಯ ಬಾಯಲ್ಲಿ ಆಗಾಗ ಬರುತ್ತದೆ. ಈಗ ಅದರ ಉಚ್ಚಾರದಲ್ಲಿ ಗಾಳಿಯೇ ಹೆಚ್ಚು. ಮೊಣಕಾಲು ನೋವು, ನಿದ್ದೆ ಬಾರದಿರುವುದು, ಸತ್ತವರ ನೆನಪು — ಇವುಗಳಿಗೆ ವೈದ್ಯರಲ್ಲಿಯೂ ಹೆಚ್ಚಿನ ಮದ್ದಿಲ್ಲ. ಕೂಸಿನ ನೋವು ತಾನೇ ಶಮನವಾಗುವಂಥದು, ಮುದುಕರದು ಹಾಗಲ್ಲ. ಆದರೆ ಎರಡಕ್ಕೂ ಮನೆಗಳಲ್ಲಿ ನಡೆಯುತ್ತಿರುವ ಉಪಚಾರ ಒಂದೇ. "ಅಮ್ಮನಿಗೆ ಬೇಜಾರಾಗದಿರಲೆಂದು ಟೀವಿ ಹಾಕಿಕೊಟ್ಟಿದ್ದೇವೆ" ಎಂದು ಎಷ್ಟು ಮನೆಗಳಲ್ಲಿ ಕೇಳಿದ್ದೇನೆ! ಹೇಳುವವರ ದನಿಯಲ್ಲಿ ಕರ್ತವ್ಯ ಮುಗಿಸಿದ ಸಮಾಧಾನವಿರುತ್ತದೆ. ಆ ಸಮಾಧಾನ ಯಾರದು? ಕೂಸಿನ ಅಳು ನಿಂತಾಗಲೂ, ಮುದುಕಿ ಗೊಣಗುವುದನ್ನು ನಿಲ್ಲಿಸಿದಾಗಲೂ ಈ ಒಂದು ಪ್ರಶ್ನೆಯನ್ನು ಕೇಳಿಕೊಳ್ಳುವುದು ಒಳ್ಳೆಯದು: ಶಮನವಾದದ್ದು ಅವರ ನೋವೋ, ಅದನ್ನು ಕೇಳಬೇಕಾಗಿದ್ದ ನಮ್ಮ ಕಷ್ಟವೋ? ಅವರ ನೋವು ಕೊಂಚ ಇಳಿದಿದ್ದರೆ ಯಾವ ಉಪಾಯವೂ ಹೇಯವಲ್ಲ. ಇಳಿದದ್ದು ನಮ್ಮ ಕಷ್ಟ ಮಾತ್ರವಾದರೆ, ಅದಕ್ಕೆ ಪ್ರೀತಿಯೆಂಬ ಹೆಸರಿಡಬಾರದು.

ಧಾರಾವಾಹಿ ನೋಡುವ ಮುದುಕಿಗೆ ಧಾರಾವಾಹಿಗಿಂತ ಹೆಚ್ಚಾಗಿ ಬೇಕಾಗಿರುವುದು "ಆಮೇಲೆ ಏನಾಯಿತು?" ಎಂದು ಕೇಳುವ ಒಬ್ಬರು. ಕೇಳಿ ನೋಡಿ; ನಿನ್ನೆಯ ಕಥೆಯನ್ನು ಹೇಳುತ್ತ ಹೇಳುತ್ತ ಅವಳು ಆ ಸೊಸೆಯಿಂದ ತನ್ನ ನಾದಿನಿಗೆ, ಅಲ್ಲಿಂದ ಬರಗಾಲದ ದಿನಗಳಿಗೆ, ಅಲ್ಲಿಂದ ತಾನು ಕಳೆದುಕೊಂಡ ಮೊದಲ ಕೂಸಿಗೆ ಬಂದು ನಿಲ್ಲುತ್ತಾಳೆ. ತೆರೆಯ ಮೇಲೆ ಏನೋ ನಡೆಯುತ್ತಲೇ ಇರುತ್ತದೆ, ಇಬ್ಬರೂ ನೋಡುತ್ತಿರುವುದಿಲ್ಲ. ಅಂಥ ಹೊತ್ತಿನಲ್ಲಿ ಟೆಲಿವಿಷನ್ ಮತ್ತೆ ಚಂದ್ರನಾಗುತ್ತದೆ. ಬೆರಳು ತೋರಿಸುವುದಕ್ಕೊಂದು ನೆವ.

ಯಾವ ತೆರೆಯೂ ಹಲ್ಲನ್ನು ಬೇಗ ತರಿಸಲಾರದು. ಯಾವ ಪುಡಿಯೂ ತರಿಸಲಿಲ್ಲ. ಅದು ತನ್ನ ಹೊತ್ತಿಗೆ ಬರುತ್ತದೆ. ಅಲ್ಲಿಯವರೆಗೆ ಕೂಸು ಹೆಗಲನ್ನು ಕಚ್ಚುತ್ತದೆ. ಎರಡೇ ಹಲ್ಲಾದರೂ ಚೆನ್ನಾಗಿಯೇ ನೋಯುತ್ತದೆ. ಹಾಗೆ ನೋಯುವಷ್ಟು ಹತ್ತಿರದಲ್ಲಿ ಒಬ್ಬರು ಇದ್ದರೆಂಬುದು ಮುಂದೆ ಅದಕ್ಕೆ ನೆನಪಿರುವುದಿಲ್ಲ. ನೆನಪಿರಬೇಕಾದ ಅಗತ್ಯವೂ ಇಲ್ಲ.